ಹೊರಗಿನ ಚಿಲಕ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಟಿಗಳು, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ. ನಿದ್ದೆಗೆಟ್ಟವರ ರೀತಿಯಲ್ಲಿ ಕತೆಯನ್ನು ಕೊನೆಯಿಂದ ಹಿಡಿದು ಮೊದಲಿಗೆ ಬಂದಳು. ಇನ್ಸ್‌ಪೆಕ್ಟರ್ ತಡೆಯಲಿಲ್ಲ. ದೂರು ಕೊಡಲು ಬಂದವರು ಮೊದಲ ಸಲ ಹೇಳುವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಅವಳು ಈ ನೌಕರಿಯಲ್ಲಿ ಏಟು ತಿಂದೇ ಕಲಿತಿದ್ದಳು.

ವಿಷಯ ಇಷ್ಟು. ಆ ಹೆಂಗಸಿನ ತಂದೆ ಹಳೆಯ ದರ್ಜಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಯ ಲಿಫ್ಟಿನ ಪರದೆಯಲ್ಲಿ ಬಂದ ಜಾಹೀರಾತು ನೋಡಿ, ಅವರ ಆರೈಕೆಗೆ ಒಬ್ಬಳನ್ನು ಕರೆಸಿಕೊಂಡಿದ್ದರು. ಸಂಜೆ ಬಂದು ಬೆಳಿಗ್ಗೆ ಹೋಗುವ ಕೆಲಸ. ನಿನ್ನೆ ಮನೆಯವರೆಲ್ಲ ನೆಂಟರ ಊರಿಗೆ ಹೋಗಿ ಸಂಜೆ ತಿರುಗಿ ಬಂದರೆ ಬೀರು ತೆರೆದಿದೆ, ತೀರಿಹೋದ ತಾಯಿಯ ಸರ, ಬಳೆ ಮಾಯ. ಆರೈಕೆಯವಳೂ ಇಲ್ಲ. ತಂದೆಯನ್ನು ಎಷ್ಟು ಅಲುಗಾಡಿಸಿದರೂ ಎಚ್ಚರವಾಗಲಿಲ್ಲ. ನಿದ್ದೆ ಮಾತ್ರೆ ಹೆಚ್ಚಾಗಿದೆ, ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂದಿದ್ದರು ಡಾಕ್ಟರು.

"ಚಿನ್ನ ಹೋದ್ರೆ ಹೋಗ್ಲಿ ಮೇಡಂ," ಎಂದಳು. "ಅಪ್ಪ ಕಣ್ಣು ಬಿಟ್ರೆ ಸಾಕು. ಆದ್ರೆ ಅವ್ಳನ್ನ ಬಿಡ್ಬೇಡಿ. ಇವತ್ತು ಇನ್ಯಾರ ಮನೇಲಿ ಮಾತ್ರೆ ಕೊಡ್ತಿದಾಳೋ."

ಹತ್ತೂಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಜಾಹೀರಾತಿನಲ್ಲಿದ್ದ ನಂಬರಿಗೆ ದಫೇದಾರ ಮೂರು ಸಲ ಫೋನು ಮಾಡಿದ, ಮೂರು ಸಲವೂ ಸ್ವಿಚ್ ಆಫ್. ಕರೆಗಳ ವಿವರಕ್ಕೆ ಬರೆದದ್ದಾಯಿತು, ಅದು ಬರಲು ಎರಡು ದಿನ. ಜಾಹೀರಾತು ಹೇಗಿತ್ತು ಎಂದು ದೂರುದಾರಳು ಕೈ ಆಡಿಸಿ ವಿವರಿಸುತ್ತಿದ್ದಾಗ ಇನ್ಸ್‌ಪೆಕ್ಟರ್ ತನ್ನ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಮುದಿ ಕೈಯೊಂದನ್ನು ಹಿಡಿದ ಇನ್ನೊಂದು ಕೈ, ಕೆಳಗೆ "ನಿಮ್ಮ ಹಿರಿಯರು, ನಮ್ಮವರ ಹಾಗೆ" ಎಂಬ ಸಾಲು.

"ಇದೇ ಮೇಡಂ. ನಿಮಗೆಲ್ಲಿ ಸಿಕ್ತು?"

ಸಿಕ್ಕಿದ್ದು ಅವಳ ಸ್ವಂತ ಮನೆಯ ಲಿಫ್ಟಿನಲ್ಲಿ. ಆದರೆ ಆ ಮಾತನ್ನು ಇನ್ಸ್‌ಪೆಕ್ಟರ್ ಹೇಳಲಿಲ್ಲ, ದಫೇದಾರನೂ ಕೇಳಲಿಲ್ಲ. ಅವನಿಗೆ ಠಾಣೆಯಲ್ಲಿ 'ಪುರಾಣ' ಎಂದು ಅಡ್ಡಹೆಸರು. ಯಾವ ವಿಷಯ ಕೇಳಿದರೂ ತನ್ನ ಮೊದಲ ಪೋಸ್ಟಿಂಗಿನಿಂದ ಶುರುಮಾಡುವ ಆಸಾಮಿ. ಅಂಥವನೂ ಸುಮ್ಮನಿದ್ದ, ಏಕೆಂದರೆ ಮೇಡಂ ಮನೆಯ ವಿಷಯ ಅವನಿಗೆ ಗೊತ್ತಿತ್ತು.

ಅವಳ ಅಪ್ಪ ರೈಲು ಓಡಿಸಿ ನಿವೃತ್ತನಾದವನು. ಈಗ ನೆನಪು ಹಳಿ ತಪ್ಪಿದೆ. ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾನೆ. ಎರಡು ಸಲ ಹುಡುಕಿ ತಂದದ್ದಾಯಿತು, ಅದರಲ್ಲಿ ಒಂದು ಸಲ ಹುಡುಕಿಕೊಟ್ಟದ್ದು ಪಕ್ಕದ ಠಾಣೆಯವರು. ಆಮೇಲೆ ಗಂಡ ಹೆಂಡತಿ ಮಾತಾಡಿಕೊಂಡು ಮುಂಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಹೊಡೆಸಿದರು. ಗಂಡನ ಶಿಫ್ಟು, ಅವಳ ಡ್ಯೂಟಿ ಎರಡೂ ಒಟ್ಟಿಗೆ ಬಿದ್ದ ದಿನ ಅದನ್ನು ಹಾಕುತ್ತಾರೆ. ಚಿಲಕದ ವಿಷಯ ಅಪ್ಪನಿಗೆ ಗೊತ್ತಿಲ್ಲ. ಅವಳು ಮನೆಗೆ ಹೋದಾಗಲೆಲ್ಲ ಬಾಗಿಲು ಬಿಗಿಯಾಗಿದೆ, ಬಡಗಿಯನ್ನು ಕರೆಸು ಎನ್ನುತ್ತಾನೆ. ಕರೆಸುತ್ತೇನೆ ಎಂದು ಅವಳೂ ಹೇಳುತ್ತಾಳೆ. ಹೋದ ವಾರ ಲಿಫ್ಟಿನಲ್ಲಿ ಆ ಜಾಹೀರಾತು ಕಂಡಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು.

ಹನ್ನೊಂದೂವರೆಗೆ ದರ್ಜಿಯ ಮನೆಯಲ್ಲಿ ಪಂಚನಾಮೆ. ಪಕ್ಕದ ಮನೆಯ ಇಬ್ಬರು ಪಂಚರು. ಬೀರುವಿನ ಬೀಗ ಮುರಿದಿರಲಿಲ್ಲ, ಕೀಲಿ ಅದರ ತಲೆಯ ಮೇಲೆಯೇ ಇತ್ತು. ಬಚ್ಚಲಿನ ಕಿಟಕಿಯಲ್ಲಿ ಅಡ್ಡ ಕೂರಿಸಿದ್ದ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದು ಗೋಡೆಗೆ ಒರಗಿಸಿಟ್ಟಿತ್ತು. ಒಂದೂ ಒಡೆದಿರಲಿಲ್ಲ. ಚೌಕಟ್ಟಿನ ಮೊಳೆಗೆ ಸ್ವಲ್ಪ ರಕ್ತ ಅಂಟಿತ್ತು. ಮುದುಕರು ಮಲಗುವ ಮಂಚದ ಎರಡೂ ಬದಿಗೆ ದಿಂಬು, ಸುತ್ತಿದ ಕಂಬಳಿ ಅಡ್ಡ ಇಟ್ಟಿತ್ತು.

"ದಿಂಬು ಇಟ್ಟಿದ್ದು ನೀವಾ?" ಇನ್ಸ್‌ಪೆಕ್ಟರ್ ಕೇಳಿದಳು.

ಮಗಳು ಅಲ್ಲವೆಂದು ತಲೆಯಾಡಿಸಿದಳು.

"ಮುದುಕ್ರು ಬೀಳ್ಬಾರ್ದು ಅಂತ ದಿಂಬು ಇಟ್ಟು ಹೋಗೋ ಕಳ್ಳಿನ ನಾನಂತೂ ನೋಡಿಲ್ಲ," ಎಂದ ಪುರಾಣ. "ಮೊದ್ಲನೇ ಪೋಸ್ಟಿಂಗಲ್ಲಿ ಒಬ್ಬ..."

"ಆಮೇಲೆ ಹೇಳಿ." ಇನ್ಸ್‌ಪೆಕ್ಟರ್ ಮುಂಬಾಗಿಲಿನ ಹತ್ತಿರ ಹೋಗಿ ನಿಂತಳು. "ಮುಂಬಾಗಿಲು ಇದ್ದಾಗ ಬಚ್ಚಲಿನ ಕಿಟಕಿಯಿಂದ ಯಾಕೆ ಇಳಿದ್ಲು?"

ಹೊರಗಿನ ಕೊಂಡಿಯಲ್ಲಿ ಹೊಸ ಬೀಗವೊಂದು ತೂಗುತ್ತಿತ್ತು.

"ಬೀಗ ಹಾಕ್ಕೊಂಡು ಹೋಗಿದ್ರಾ?"

"ಹೊಸಬಳು ಮೇಡಂ. ಹೇಗೆ ನಂಬೋದು?"

"ಅವ್ಳಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಬೆಳಗಿನ ಜಾವ ಅವಳು ಅಡುಗೆಮನೆಯಲ್ಲಿದ್ದಾಗ ಸದ್ದಿಲ್ಲದೆ ಹೊರಟಿದ್ದರು. ಒಂಬತ್ತಕ್ಕೆ ಅವಳು ಫೋನು ಮಾಡಿ, ಇನ್ನೊಂದು ಮನೆಗೆ ಹೋಗಲೇಬೇಕು, ಪಕ್ಕದವರ ಕೈಲಾದರೂ ಬೀಗ ತೆಗೆಸಿ ಎಂದು ಬೇಡಿಕೊಂಡಿದ್ದಳಂತೆ. ಸಂಜೆ ತನಕ ಇದ್ದರೆ ಗಂಟೇನು ಹೋಗುತ್ತದೆ ಎಂದು ಮಗಳು ಫೋನು ಇಟ್ಟಿದ್ದಳು. ದೂರಿನಲ್ಲಿ ಇದೊಂದು ಬಿಟ್ಟುಹೋಗಿತ್ತು. ಇನ್ಸ್‌ಪೆಕ್ಟರ್ ಅದನ್ನು ಪಂಚನಾಮೆಗೆ ಸೇರಿಸಲು ಹೇಳಿದಳು. ಬರೆಸುವಾಗ ಅವಳ ದನಿ ಗಡುಸಾಯಿತು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಅವಳಿಗೂ ಕಷ್ಟವಾಗುತ್ತಿತ್ತು.

ಆ 'ಇನ್ನೊಂದು ಮನೆ' ಯಾವುದು? ಗೊತ್ತಿರಬಹುದಾದವರು ಅವಳ ಜಾಹೀರಾತನ್ನು ಪರದೆಗೆ ಹಾಕಿದ ಕಂಪನಿಯವರು ಮಾತ್ರ.

ಲಿಫ್ಟು, ಬಸ್ ನಿಲ್ದಾಣ, ಆಸ್ಪತ್ರೆಗಳ ಪರದೆಗಳಲ್ಲಿ ಜಾಗ ಮಾರುವ ಆ ಕಂಪನಿ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಬೆನ್ನು ತಟ್ಟಿಕೊಳ್ಳುವುದರಲ್ಲಿ ದೊಡ್ಡವನು. ಹಿಂದೆ ಯಾರು ಏನು ಕಳಿಸಿದರೂ ನೇರ ಪರದೆಗೆ ಹೋಗುತ್ತಿತ್ತಂತೆ. ಕೂದಲು ಬೆಳೆಸುವ ಎಣ್ಣೆಯೊಂದು ನಾಲ್ಕಾರು ಜನರ ತಲೆ ಬೋಳಿಸಿದ ಮೇಲೆ ಹೊಸ ವ್ಯವಸ್ಥೆ ತಂದರು. ಈಗ ಪ್ರತಿಯೊಂದು ಜಾಹೀರಾತನ್ನೂ ಮನುಷ್ಯನೇ ನೋಡಿ ಒಪ್ಪಬೇಕು. ಒಪ್ಪಿಗೆಗೆ ಒಂದು ಕೀ ಒತ್ತಿದರೆ ಸಾಕು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಜಾಹೀರಾತುದಾರ ತಕರಾರು ಮಾಡಿದರೆ ಅದಕ್ಕೂ ಉತ್ತರ ಕೊಡಬೇಕು. ಆರೈಕೆ, ಔಷಧಿ, ಕೆಲಸ ಕೊಡಿಸುವಂಥವು ಬಂದರೆ ಮಾತ್ರ ಕೀ ಒತ್ತಿದರೂ ಹೋಗುವುದಿಲ್ಲ, ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಫೋನು ಮಾಡಿ ವಿಚಾರಿಸಿ, 'ದಾಖಲೆ ನೋಡಿದ್ದೇನೆ' ಎಂಬ ಚೌಕದಲ್ಲಿ ಗುರುತು ಹಾಕಿದರೇ ಅವು ಮುಂದೆ ಹೋಗುವುದು.

"ಒಪ್ಪೋರು ಎಷ್ಟು ಜನ?"

"ಒಬ್ರೇ. ಮುದ್ರೆ ಅಂತ ಕರೀತೀವಿ."

"ಊಟಕ್ಕೆ ಹೋದ್ರೆ?"

"ಅಲ್ಲೇ ತಿಂತಾರೆ. ಸ್ವಲ್ಪ ಹೊತ್ತು ಕೀ ಒತ್ತದಿದ್ರೆ ನನ್ನ ಫೋನಿಗೆ ಗಂಟೆ ಹೊಡೆಯತ್ತೆ." ಇದನ್ನೂ ಅವನು ಹೆಮ್ಮೆಯಿಂದಲೇ ಹೇಳಿದ.

ಜಾಹೀರಾತನ್ನು ಮೊದಲು ಪರದೆಯಿಂದ ತೆಗೆಸಿ ಎಂದಳು ಇನ್ಸ್‌ಪೆಕ್ಟರ್. ಒಪ್ಪಿದವರೇ ತಪ್ಪಿನ ಕಾರಣ ಬರೆದು ತೆಗೆಯಬೇಕು, ಅದೂ ವ್ಯವಸ್ಥೆ, ಎಂದು ಮ್ಯಾನೇಜರ್ ಅವರನ್ನು ಹಿಂಬದಿಯ ಪುಟ್ಟ ಕೋಣೆಗೆ ಕರೆದೊಯ್ದ.

ಮುದ್ರೆಗೆ ಐವತ್ತರ ಮೇಲಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳು. ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಮೂಲೆಯಲ್ಲೊಂದು ಟೇಬಲ್ ಫ್ಯಾನು, ಕಿಟಕಿ ಇಲ್ಲ. ಎರಡನೆಯವರು ಒಳಗೆ ಬಂದರೆ ಮೊದಲನೆಯವರು ಗೋಡೆಗೆ ಅಂಟಬೇಕು. ಪೊಲೀಸರನ್ನು ಕಂಡು ಅವನು ಎದ್ದು ನಿಂತ. ಜಾಹೀರಾತು ತೆಗೆಯಿರಿ ಎಂದರೆ ಹೂಂ ಎಂದ, ಆದರೆ ಕೈ ಮುಂದೆ ಹೋಗಲಿಲ್ಲ. ಕಾರಣ ಏನೆಂದು ಬರೆಯಲಿ, ಒಂದು ಕಡೆಯ ಮಾತು ಕೇಳಿ ಹೇಗೆ ಬರೆಯಲಿ ಎಂದು ಮೀನಮೇಷ ಎಣಿಸತೊಡಗಿದ. ಕಣ್ಣು ಮತ್ತೆ ಮತ್ತೆ ಗೋಡೆಯ ಗಡಿಯಾರದ ಕಡೆಗೆ ಹೋಗುತ್ತಿತ್ತು.

ಇಷ್ಟರಲ್ಲಿ ಪುರಾಣ ತಾನೇ ಒಂದು ಅವಾಂತರ ಮಾಡಿಕೊಂಡ. ನಾಲ್ಕು ಮಹಡಿ ಹತ್ತಿ ಬಂದ ದೇಹ, ಬೆವರು ಇಳಿಯುತ್ತಿತ್ತು. ಯಾರನ್ನೂ ಕೇಳದೆ ಮೂಲೆಯ ಫ್ಯಾನನ್ನು ಮೇಜಿನ ಮೇಲೆ ಎತ್ತಿಟ್ಟು ಸ್ವಿಚ್ ಒತ್ತಿದ. ಫ್ಯಾನು ಕತ್ತು ತಿರುಗಿಸಿತು. ಅದರ ಜಾಲರಿಗೆ ದಾರದಿಂದ ಬಿಗಿಯಾಗಿ ಕಟ್ಟಿದ್ದ ಸ್ಕೂಲಿನ ಸ್ಕೇಲು ಕೀಬೋರ್ಡಿನ ಅಂಚಿನ ಕೀಗೆ ಬಂದು ಟಕ್ಕೆಂದು ಬಡಿಯಿತು. ಪರದೆಯ ಮೇಲಿದ್ದ ಸೋಪಿನ ಜಾಹೀರಾತು 'ಒಪ್ಪಿಗೆ' ಎಂಬ ಹಸಿರು ಗುರುತು ಹೊತ್ತು ಹೊರಟುಹೋಯಿತು. ಫ್ಯಾನು ಅತ್ತ ನೋಡಿ ಇತ್ತ ಬಂದಿತು, ಮತ್ತೆ ಟಕ್. ಚಪ್ಪಲಿಯ ಜಾಹೀರಾತಿಗೂ ಒಪ್ಪಿಗೆ.

ಮ್ಯಾನೇಜರ್ ಬಾಯಿ ತೆರೆದವನು ಮುಚ್ಚಲಿಲ್ಲ. ಪುರಾಣ ಕಳ್ಳನ ಹಾಗೆ ಸ್ವಿಚ್ ಆರಿಸಿದ.

ಎ.ಸಿ. ಕೋಣೆಗೆ ಫ್ಯಾನು ಯಾಕೆಂದು ಒಳಗೆ ಬರುವಾಗಲೇ ಇನ್ಸ್‌ಪೆಕ್ಟರಿಗೆ ಅನ್ನಿಸಿತ್ತು. ಮ್ಯಾನೇಜರನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿಸಿದಳು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು."

"ಫ್ಯಾನು ಒಪ್ಪುವಾಗ ನೀವೆಲ್ಲಿರ್ತಿದ್ರಿ?"

"ಮನೇಲಿ. ಅಮ್ಮಂಗೆ ಮಧ್ಯಾಹ್ನ ಗಂಜಿ ಕುಡಿಸೋಕೆ. ಹಿಂದಿನ ಮೆಟ್ಟಿಲಲ್ಲಿ ಇಳಿದು ಓಡ್ತಿದ್ದೆ. ಅವಳಿಗೆ ಯಾರ ಗುರುತೂ ಹತ್ತಲ್ಲ. ಗ್ಯಾಸ್ ಹಚ್ಚಿಬಿಡ್ತಾಳೆ. ಬೀಗ ಹಾಕಿ ಬರ್ತಿದ್ದೆ." ಅವನು ತಲೆ ತಗ್ಗಿಸಿದ. "ಬೀದಿ ತಿರುಗೋ ತನಕ ಅವಳು ಬಾಗಿಲು ಬಡಿಯೋದು ಕೇಳ್ಸೋದು."

ಇನ್ಸ್‌ಪೆಕ್ಟರ್ ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿದಳು. ಆದರೂ ಕೇಳುವುದನ್ನು ಕೇಳಲೇಬೇಕಿತ್ತು. ಆರೈಕೆಯ ಜಾಹೀರಾತನ್ನು ಫ್ಯಾನು ಒಪ್ಪಿರಲು ಸಾಧ್ಯವಿರಲಿಲ್ಲ, ಚೌಕದಲ್ಲಿ ಗುರುತು ಹಾಕಲು ಅದಕ್ಕೆ ಕೈಯಿಲ್ಲ. ಈ ಕೋಣೆಗೆ ಬರುವ ಮುಂಚೆಯೇ ಮ್ಯಾನೇಜರನ ಕಂಪ್ಯೂಟರಿನಲ್ಲಿ ನೋಡಿದ್ದಳು, ಅದು ಪರದೆಗೆ ಹೋದದ್ದು ಫೆಬ್ರವರಿ ಹದಿನೇಳರಂದು. ಅದಕ್ಕೆ ಮುಂಚೆ ಪ್ರತಿದಿನ ಮಧ್ಯಾಹ್ನ ಒಂದೇ ಲಯದಲ್ಲಿ ಒಪ್ಪಿಗೆಗಳು ಬೀಳುತ್ತಿದ್ದವು. ಆಮೇಲೆ ಆ ಲಯವೇ ಇಲ್ಲ. ಒಂದು ಬೇಗ, ಒಂದು ತಡ, ನಡುನಡುವೆ ತಿರಸ್ಕಾರ, ಅದಕ್ಕೆ ಉದ್ದನೆಯ ಕಾರಣ. ಇತ್ತೀಚೆಗೆ ಈತ ಯಾಕೋ ಎಲ್ಲದಕ್ಕೂ ಕೊಕ್ಕೆ ಹಾಕುತ್ತಾನೆ ಎಂದು ಮ್ಯಾನೇಜರ್ ಗೊಣಗಿದ್ದ. ಅಂದರೆ ಮೋಸದ ಒಪ್ಪಿಗೆ ಕೊಟ್ಟ ದಿನದಿಂದಲೇ ಈ ಮನುಷ್ಯ ಕುರ್ಚಿ ಬಿಟ್ಟು ಏಳದೆ ನಿಯತ್ತಿನಿಂದ ಕೆಲಸ ಮಾಡುತ್ತಿದ್ದಾನೆ.

"ಆ ಜಾಹೀರಾತಿನ ದಾಖಲೆ ನೋಡಿದ್ರಾ?"

"ಇಲ್ಲ."

"ಗುರುತು ಹಾಕಿದ್ದು?"

"ನಾನೇ."

"ಈಗ ಮಧ್ಯಾಹ್ನ ಮನೆಗೆ ಹೋಗಲ್ಲ. ನಿಮ್ಮಮ್ಮನ ಹತ್ರ ಯಾರಿದಾರೆ?"

ಅವನು ಮತ್ತೆ ಗಡಿಯಾರ ನೋಡಿದ.

"ದರ್ಜಿ ಮನೆಯ ಮುದುಕರಿಗೆ ಅವ್ಳು ನಿದ್ದೆ ಮಾತ್ರೆ ಕೊಟ್ಟಿದಾಳೆ. ಅವ್ರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಗೊತ್ತಾ?"

ಗೊತ್ತಿರಲಿಲ್ಲ. ಎದ್ದವನು ಕುರ್ಚಿಗೆ ಎಡವಿ, ದಫೇದಾರನನ್ನು ನೂಕಿಕೊಂಡೇ ಬಾಗಿಲಿಗೆ ಧಾವಿಸಿದ.

ಜೀಪಿನಲ್ಲಿ ಅವನು ಉಳಿದದ್ದನ್ನು ಹೇಳಿದ. ನಿಯಮದ ಪ್ರಕಾರ ದಾಖಲೆ ಕೇಳಲು ಅವನೇ ಆ ನಂಬರಿಗೆ ಫೋನು ಮಾಡಿದ್ದ. ಅವಳ ಬಳಿ ದಾಖಲೆ ಇರಲಿಲ್ಲ, ಹಿಂದಿನ ಏಜೆನ್ಸಿಯವರು ಇಟ್ಟುಕೊಂಡು ಕೊಟ್ಟಿಲ್ಲ ಎಂದಳು. ಹಾಗಾದರೆ ಆಗುವುದಿಲ್ಲ ಎಂದು ಇವನು ಹೇಳುವಾಗಲೇ ಮನೆಯ ಪಕ್ಕದವರ ಕರೆ ನಡುವೆ ಬಂತು, ಅಮ್ಮ ಬಾಗಿಲು ಬಡಿಯುತ್ತಿದ್ದಾಳೆಂದು. ಇವನ ದನಿ ಕೇಳಿಯೇ ಅವಳು, ಮನೆಯಲ್ಲಿ ಯಾರಣ್ಣ ಎಂದು ವಿಚಾರಿಸಿದಳು. ಮರುದಿನ ಬಂದಳು. ಜಾಹೀರಾತು ಹೋಗುವಂತೆ ಮಾಡಿ, ಹಗಲು ನಿಮ್ಮ ಅಮ್ಮನನ್ನು ನೋಡಿಕೊಳ್ಳುತ್ತೇನೆ, ರಾತ್ರಿಗೆ ಬೇರೆ ಮನೆ ಹಿಡಿಯುತ್ತೇನೆ ಎಂದಳು.

"ನೀವು ಅವ್ಳನ್ನ ನಂಬಿದ್ರಾ?"

"ನಂಬ್ದೆ ಬೇರೆ ದಾರಿ ಇರ್ಲಿಲ್ಲ ಮೇಡಂ."

ಎರಡೂಮುಕ್ಕಾಲಿಗೆ ಜೀಪು ಅವನ ಓಣಿಯಲ್ಲಿ ನಿಂತಿತು. ಮನೆಯ ಬಾಗಿಲು ಹಾರುಹೊಡೆದಿತ್ತು. ಅದನ್ನು ಕಂಡು ಅವನು ಅಯ್ಯೋ ಎಂದು ಒಳಗೆ ನುಗ್ಗಿ, ಹೊಸ್ತಿಲ ಆಚೆಗೇ ನಿಂತುಬಿಟ್ಟ.

ಬೆಳಕು ಬೀಳುವ ಕಡೆ ಕುರ್ಚಿ ಹಾಕಿಕೊಂಡು ಅಜ್ಜಿ ಕೂತಿದ್ದಳು. ತಲೆ ಬಾಚಿತ್ತು, ಕೊರಳಿಗೆ ಟವೆಲು ಕಟ್ಟಿತ್ತು. ಎದುರಿಗೆ ಮೊಣಕಾಲೂರಿ ಕೂತ ಹೆಂಗಸು ಗಂಜಿಯ ಚಮಚವನ್ನು ಊದಿ ಊದಿ ಅವಳ ಬಾಯಿಗೆ ಇಡುತ್ತಿದ್ದಳು. ಮೊಣಕೈಗೆ ಬಟ್ಟೆ ಸುತ್ತಿತ್ತು, ಅದರ ಮೇಲೆ ಒಣಗಿದ ರಕ್ತದ ಕಲೆ. ಖಾಕಿ ಕಂಡರೂ ಅವಳು ಓಡಲಿಲ್ಲ.

"ಇನ್ನೆರಡು ಚಮಚ ಇದೆ ಮೇಡಂ. ನಡುವೆ ಬಿಟ್ರೆ ಆಮೇಲೆ ತಿನ್ನಲ್ಲ."

ಇನ್ಸ್‌ಪೆಕ್ಟರ್ ಕಾದಳು. ಬಟ್ಟಲು ಖಾಲಿಯಾಯಿತು. ಹೆಂಗಸು ಅಜ್ಜಿಯ ಬಾಯಿ ಒರೆಸಿ, ತನ್ನ ಕೈಚೀಲವನ್ನು ತಾನೇ ತಂದು ಮುಂದಿಟ್ಟಳು. ದರ್ಜಿಯ ಮನೆಯ ಟವೆಲಿನಲ್ಲಿ ಸುತ್ತಿದ ಸರ, ಬಳೆ ಅದರಲ್ಲಿದ್ದವು. ಪುರಾಣ ಓಣಿಯಿಂದ ಇಬ್ಬರನ್ನು ಕರೆತಂದು ಜಪ್ತಿ ಪಂಚನಾಮೆ ಬರೆಯತೊಡಗಿದ.

"ಮಾತ್ರೆ ಯಾಕೆ ಕೊಟ್ಟೆ?"

"ಅವ್ರದ್ದೇ ಮಾತ್ರೆ, ಒಂದಕ್ಕೆ ಮೂರು ಕೊಟ್ಟೆ. ನಾನು ಹೋದ್ಮೇಲೆ ಎದ್ದು ಬೀಳ್ಬಾರ್ದಲ್ಲ. ಸಂಜೆ ತನಕ ಯಾರೂ ಇರ್ಲಿಲ್ಲ."

"ಸತ್ತೇ ಹೋಗಿದ್ರೆ?"

ಆ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ ಪೇದೆಯ ಫೋನು ಬಂತು. ದರ್ಜಿಯವರು ಕಣ್ಣು ಬಿಟ್ಟಿದ್ದಾರೆ, ನೀರು ಕೇಳಿದರು. ಇನ್ಸ್‌ಪೆಕ್ಟರ್ ಅದನ್ನು ಗಟ್ಟಿಯಾಗಿ ಹೇಳಿದಾಗ ಹೆಂಗಸು ನಿಂತಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

"ಬೀಗ ಹಾಕಿದ್ರು ಅಂತ ಕಿಟಕಿಯಿಂದ ಇಳಿದೆ, ಸರಿ. ಚಿನ್ನ ಯಾಕೆ?"

"ಈ ಅಜ್ಜಿಗೆ ಹೊತ್ತಾಗ್ತಿತ್ತು. ಗಾಜು ತೆಗೀತಾ ಯೋಚ್ನೆ ಬಂತು, ಕಿಟಕಿಯಿಂದ ಇಳಿದೋಳನ್ನ ಹೇಗಿದ್ರೂ ಕಳ್ಳಿ ಅಂತಾರೆ. ಹಿಂದೆ ಒಂದು ಮನೇಲಿ ಉಂಗುರ ಕಳೀತು ಅಂತ ಏಜೆನ್ಸಿಯಿಂದ ಓಡ್ಸಿದ್ರು. ಉಂಗುರ ಅವ್ರ ವಾಷಿಂಗ್ ಮಷಿನ್ ಹಿಂದೆನೇ ಸಿಕ್ತು. ಅದನ್ನ ಏಜೆನ್ಸಿಗೆ ಯಾರೂ ಹೇಳ್ಲಿಲ್ಲ. ಕದೀದೇ ಕಳ್ಳಿ ಆದೆ, ಈ ಸಲ ಕದ್ದೇ ಅನ್ನಿಸ್ಕೊಳ್ಳೋಣ ಅಂತ ವಾಪಸ್ ಹೋಗಿ ಬೀರು ತೆಗೆದೆ." ಕಣ್ಣೊರೆಸಿಕೊಂಡಳು. "ಎಲ್ಲಾ ಮನೇಲೂ ರೋಗಿ ಜೊತೆ ನನ್ನನ್ನೂ ಸೇರ್ಸಿ ಬೀಗ ಹಾಕ್ತಾರೆ ಮೇಡಂ. ಈ ಅಣ್ಣ ಒಬ್ರೇ ಮೊದ್ಲನೇ ದಿನಾನೇ ಬೀಗದ ಕೈ ನನ್ನ ಕೈಗೆ ಕೊಟ್ರು."

ಬೀಗದ ಕೈ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಇನ್ಸ್‌ಪೆಕ್ಟರ್ ಅದನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು. ಈ ಮನೆಯಿಂದ ಒಂದು ಚಮಚವೂ ಹೋಗಿರಲಿಲ್ಲ.

ಮೂರೂಮುಕ್ಕಾಲಿಗೆ ದಸ್ತಗಿರಿ. ವಿಷಯ ಯಾರಿಗೆ ತಿಳಿಸಬೇಕು ಎಂದು ಪುರಾಣ ಮೆಮೊ ಹಿಡಿದು ಕೇಳಿದ. ಯಾರೂ ಇಲ್ಲ ಎಂದಳು. ಮುದ್ರೆ ಮುಂದೆ ಬಂದು, ನನ್ನ ಹೆಸರು ಬರೆದುಕೊಳ್ಳಿ ಎಂದ. ಅವನೂ ಆರೋಪಿಯೇ, ಬರೆಯಬಹುದೇ ಎಂದು ಪುರಾಣ ಇನ್ಸ್‌ಪೆಕ್ಟರಳ ಮುಖ ನೋಡಿದ. ಬರೀರಿ ಎಂದಳು. ಮುದ್ರೆ ಈ ಸಲ ಕಾಗದವನ್ನು ಮೇಲಿನಿಂದ ಕೆಳಗಿನ ತನಕ ಓದಿ ಸಹಿ ಹಾಕಿದ.

ಅವನನ್ನು ಬಂಧಿಸಲಿಲ್ಲ. ಕರೆದಾಗ ಬರಬೇಕೆಂದು ನೋಟಿಸು ಕೊಟ್ಟು, ಊರು ಬಿಟ್ಟು ಹೋಗಬಾರದು ಎಂದಳು. ಅವನು ಅಮ್ಮನ ಕಡೆ ನೋಡಿ ನಕ್ಕ. ನಗುವಂಥ ನಗು ಅಲ್ಲ ಅದು. ಆ ಹೊತ್ತಿಗೆ ಕಂಪನಿಯಿಂದ ಅವನ ಕೆಲಸ ಹೋದ ಸುದ್ದಿ ಫೋನಿಗೆ ಬಂದಿತ್ತು. ಹೆಂಗಸನ್ನು ಕರೆದೊಯ್ಯುವಾಗ ಅಜ್ಜಿ ಅವಳ ಕೈ ಬಿಡಲಿಲ್ಲ. ಮಗನೇ ಒಂದೊಂದು ಬೆರಳು ಬಿಡಿಸಬೇಕಾಯಿತು. ಯಾರಪ್ಪ ನೀನು ಎಂದು ಅಜ್ಜಿ ಅವನನ್ನು ಗದರಿದಳು.

ಲಾಕಪ್ಪಿನ ಬೀಗ ಹಾಕುವ ಸದ್ದು ಕೇಳಿದಾಗ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಯುತ್ತಿದ್ದಳು. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ತೋಚಲಿಲ್ಲ. ಕೊನೆಗೆ, 'ಆರೋಪಿಯನ್ನು ಕೃತ್ಯಕ್ಕೆ ಮುಂಚೆ ಮನೆಯವರು ಹೊರಗಿನಿಂದ ಬೀಗ ಹಾಕಿ ಕೂಡಿಟ್ಟಿದ್ದರು' ಎಂದಷ್ಟೇ ಬರೆದು ಮುಚ್ಚಿದಳು.

ಆರೂವರೆಗೆ ಮನೆಯ ಲಿಫ್ಟು ಹತ್ತಿದಳು. ಕೈ ಹಿಡಿದ ಕೈಯ ಜಾಹೀರಾತು ಹೋಗಿತ್ತು, ವ್ಯವಸ್ಥೆಯನ್ನು ಬದಿಗಿಟ್ಟು ಮ್ಯಾನೇಜರೇ ತೆಗೆದಿರಬೇಕು. ಆ ಜಾಗದಲ್ಲಿ, ಮಧ್ಯಾಹ್ನ ಪುರಾಣನ ಫ್ಯಾನು ಒಪ್ಪಿದ ಸೋಪು ನೊರೆ ಕಾರುತ್ತಿತ್ತು. ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತು.

ಬಾಗಿಲ ಮುಂದೆ ನಿಂತು ಚಿಲಕಕ್ಕೆ ಕೈ ಹಾಕಿದಳು. ಇಡೀ ದಿನ ಮುಟ್ಟದೆ ಇದ್ದದ್ದು, ತಣ್ಣಗಿತ್ತು. ಇದನ್ನು ತೆಗೆಸಿದರೆ ಅಪ್ಪ ಹಳಿಯ ಕಡೆ ಹೋಗುತ್ತಾನೆ, ಉಳಿಸಿದರೆ ಹೀಗೇ. ಯಾವ ಜಾಹೀರಾತಿಗೂ ಫೋನು ಮಾಡುವ ಧೈರ್ಯ ಈಗ ಅವಳಿಗೆ ಉಳಿದಿರಲಿಲ್ಲ. ಸದ್ದಾಗದ ಹಾಗೆ ನಿಧಾನವಾಗಿ ಸರಿಸಿದಳು. ಅಪ್ಪ ಬಾಗಿಲಿಗೇ ಅಂಟಿಕೊಂಡು ನಿಂತಿದ್ದ. ಷರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಡ್ಯೂಟಿಗೆ ತಯಾರಾಗಿ.

"ಬಂದ್ಯಾ ಮಗಳೇ," ಎಂದ. "ಎಷ್ಟು ಎಳೆದ್ರೂ ಬರ್ಲಿಲ್ಲ ನೋಡು. ಬಡಗಿಗೆ ಹೇಳಿದ್ಯಾ?"

"ಹೇಳಿದೀನಪ್ಪ," ಎಂದಳು. "ನಾಳೆ ಬರ್ತಾನಂತೆ."